ಟಿಕೆಟ್ ತೆಗೆಯೋಕೆ ಮೊದಲು ಎಲ್ಲರನ್ನೂ ಕೇಳಿದ್ರಾ?

ಕಳೆದ ನವೆಂಬರ್‌ನಲ್ಲಿ ಇಂಟರ್ನಲ್ಸ್ ಮುಗಿದ ಸಂಜೆ ಕ್ಯಾಂಟೀನ್‌ನಲ್ಲಿ ಕೂತಿದ್ದ ನಾವು ಐದು ಜನ ಒಂದು ತೀರ್ಮಾನಕ್ಕೆ ಬಂದೆವು. ಮುಂದಿನ ಶನಿವಾರ–ಭಾನುವಾರ ಬೆಂಗಳೂರು. ಯಶವಂತಪುರದಲ್ಲಿ ನಮ್ಮ ಸೀನಿಯರ್ ಒಬ್ಬರ ರೂಮಿದೆ. ಹುಡುಗಿಯರಿಬ್ಬರಿಗೆ ಅಲ್ಲೇ ಹತ್ತಿರ ಒಬ್ಬಳ ಚಿಕ್ಕಮ್ಮನ ಮನೆ ಇದೆ. ಉಳಿಯೋ ಖರ್ಚಿಲ್ಲ ಅಂದಮೇಲೆ ಯೋಚಿಸೋದೇನಿದೆ?

‘ಟಿಕೆಟ್ ನಾನು ಮಾಡ್ತೀನಿ’ ಅಂತ ಮೊಬೈಲ್ ತೆಗೆದವನು ನಾನೇ. ಅವತ್ತೇ ರಾತ್ರಿ ಗ್ರೂಪ್‌ಗೆ ಒಂದು ಮೆಸೇಜ್ ಹಾಕಿದೆ. ಹೋಗೋ ಸ್ಲೀಪರ್ ಬಸ್ಸಿಗೆ 900, ಬರೋದಕ್ಕೆ 1,200, ಒಂದು ದಿನದ ಮೆಟ್ರೊ ಪಾಸಿಗೆ ಕಾರ್ಡಿನ ಠೇವಣಿ ಸೇರಿ 300. ಒಟ್ಟು ತಲಾ 2,400. ಮಲಗೋದರೊಳಗೆ ಯುಪಿಐ ಮಾಡಿ. ಮೂರು ಹೆಬ್ಬೆರಳು ಬಂದವು. ನಾಲ್ಕನೆಯವನಿಂದ ಮಾತ್ರ ಮರುದಿನ ಮಧ್ಯಾಹ್ನ ಒಂದು ಸಾಲು ಬಂತು: ‘ಅಮ್ಮಂಗೆ ಹುಷಾರಿಲ್ಲ, ನೀವು ಹೋಗಿ ಬನ್ನಿ’.

ನಾವು ಹೋಗಿ ಬಂದೆವು. ಫೋಟೊ ಹಾಕಿದೆವು. ಅವನು ಎಲ್ಲ ಫೋಟೊಗೂ ಲೈಕ್ ಒತ್ತಿದ. ಒಂದು ತಿಂಗಳಾದ ಮೇಲೆ ಲ್ಯಾಬ್‌ನಲ್ಲಿ ಪಕ್ಕ ಕೂತಾಗ ‘ಅಮ್ಮ ಹೆಂಗಿದಾರಲೇ?’ ಅಂತ ಕೇಳಿದೆ. ಅವನಿಗೆ ಒಂದು ಕ್ಷಣ ಯಾವ ಅಮ್ಮ, ಯಾವ ಹುಷಾರು ಅಂತಲೇ ಹೊಳೆಯಲಿಲ್ಲ. ಆಮೇಲೆ ನಕ್ಕು ಹೇಳಿದ: ‘2,400 ಅಂದ್ರೆ ನಂದು ಒಂದು ತಿಂಗಳ ಮೆಸ್ ಬಿಲ್ ಕಣಲೇ. ಗ್ರೂಪ್‌ನಾಗೆ ಹೆಂಗೆ ಹೇಳಲಿ?’

ಈ ಲೇಖನ ಬರೆಯಲು ಕಾರಣ ಆ ಮಾತು. ವೀಕೆಂಡ್ ಟ್ರಿಪ್ ಅಂದರೆ ನಾವು ಜಾಗ ಹುಡುಕುತ್ತೇವೆ, ಕೆಫೆ ಹುಡುಕುತ್ತೇವೆ, ರೀಲ್ಸ್ ನೋಡುತ್ತೇವೆ. ಟಿಕೆಟ್ಟು ಮಾತ್ರ ಯಾರೋ ಒಬ್ಬರು ಐದು ನಿಮಿಷದಲ್ಲಿ ಮುಗಿಸುವ ಕೆಲಸ. ಆದರೆ ಟ್ರಿಪ್ಪಿಗೆ ಯಾರು ಬರುತ್ತಾರೆ, ಯಾರು ‘ಅಮ್ಮಂಗೆ ಹುಷಾರಿಲ್ಲ’ ಅನ್ನುತ್ತಾರೆ ಅನ್ನೋದು ತೀರ್ಮಾನ ಆಗೋದು ಆ ಐದು ನಿಮಿಷದಲ್ಲೇ. ನನಗೆ ಇನ್ನೂ ಬೇಜಾರಾಗಿದ್ದು ಯಾಕೆಂದರೆ, ಅಷ್ಟು ಖರ್ಚು ಮಾಡುವ ಅಗತ್ಯವೇ ಇರಲಿಲ್ಲ. ವಾಪಸ್ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ಎಂಜಿನಿಯರಿಂಗ್ ಓದುವವನು ಆ ಲೆಕ್ಕವನ್ನು ಹೋಗುವ ಮೊದಲೇ ಹಾಕಬೇಕಿತ್ತು ಅಂತ ನೀವು ನಗಬಹುದು, ನಗಿ.

ಮೊದಲು ಮೆಟ್ರೊ ಪಾಸ್ ವಿಚಾರ. ‘ಅನ್‌ಲಿಮಿಟೆಡ್’ ಅನ್ನೋ ಪದ ನಮ್ಮ ವಯಸ್ಸಿನವರಿಗೆ ಡೇಟಾ ಪ್ಯಾಕ್‌ನಿಂದಲೇ ಅಭ್ಯಾಸ. ಎಷ್ಟು ಬೇಕಾದರೂ ಓಡಾಡಬಹುದು ಅಂದರೆ ಲಾಭವೇ ಇರಬೇಕು ಅಂತ ಮನಸ್ಸು ತಾನೇ ಒಪ್ಪಿಕೊಂಡುಬಿಡುತ್ತದೆ. ಶನಿವಾರ ನಾವು ಮೆಟ್ರೊ ಹತ್ತಿದ್ದು ಮೂರೇ ಸಲ. ಬೆಳಿಗ್ಗೆ ಯಶವಂತಪುರದಿಂದ ಲಾಲ್‌ಬಾಗ್. ಮಧ್ಯಾಹ್ನ ಅಲ್ಲಿಂದ ಮೆಜೆಸ್ಟಿಕ್‌ನಲ್ಲಿ ಹಸಿರಿನಿಂದ ನೇರಳೆ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರೋಡ್. ರಾತ್ರಿ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳೆಲ್ಲ ಮುಗಿದ ಮೇಲೆ ವಾಪಸ್ ಯಶವಂತಪುರ. 2025ರ ಫೆಬ್ರುವರಿ 9ರಂದು ಮೆಟ್ರೊ ದರ ಏರಿದ ಮೇಲೆ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆಗಿದೆ. 8ರಿಂದ 10 ಕಿ.ಮೀ.ಗೆ 50, 10ರಿಂದ 15 ಕಿ.ಮೀ.ಗೆ 60. ಆ ಸ್ಲ್ಯಾಬ್ ಹಿಡಿದು ನೋಡಿದರೆ ನಮ್ಮ ಮೂರು ಪಯಣಕ್ಕೆ ಹೆಚ್ಚೆಂದರೆ 170 ರೂಪಾಯಿ. ನಾವು ಕೊಟ್ಟಿದ್ದು 250. ಮೇಲೆ 50 ರೂಪಾಯಿ ಠೇವಣಿ. ಕಾರ್ಡ್ ಹಿಂದಿರುಗಿಸಿದರೆ ಅದು ವಾಪಸ್ ಬರುತ್ತದೆ, ಆದರೆ ನನ್ನ ಕಾರ್ಡ್ ಈಗಲೂ ಡ್ರಾಯರ್‌ನಲ್ಲಿ ಕ್ಯಾಲ್ಕುಲೇಟರ್ ಪಕ್ಕ ಬಿದ್ದಿದೆ. ಅದಕ್ಕೆ ಯಾರನ್ನೂ ದೂರುವಂತಿಲ್ಲ. 2026ರ ಜನವರಿಯಿಂದ ಈ ಪಾಸು ಮೊಬೈಲ್‌ನಲ್ಲೇ ಕ್ಯುಆರ್ ಆಗಿ ಸಿಗುತ್ತಿದೆ, ಒಂದು ದಿನಕ್ಕೆ 250, ಮೂರು ದಿನಕ್ಕೆ 550. ಠೇವಣಿಯ ರಗಳೆ ಇಲ್ಲ. ಆದರೆ ಲೆಕ್ಕ ಅದೇ.

ಹಾಗಾದರೆ 250ರ ಪಾಸು ಯಾರಿಗೆ ಗಿಟ್ಟುತ್ತದೆ? ಒಂದೇ ದಿನ ನಗರದ ಎರಡು ತುದಿ ಮುಟ್ಟುವವರಿಗೆ. ಬೆಳಿಗ್ಗೆ ವೈಟ್‌ಫೀಲ್ಡ್‌ನಲ್ಲಿ ಒಂದು ಇಂಟರ್‌ವ್ಯೂ, ಮಧ್ಯಾಹ್ನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು, ರಾತ್ರಿ ಯಶವಂತಪುರ ಅನ್ನೋ ಹಾಗಿದ್ದರೆ ಖಂಡಿತ ತೆಗೆದುಕೊಳ್ಳಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡ್–ಬೊಮ್ಮಸಂದ್ರ ಹಳದಿ ಮಾರ್ಗ ಶುರುವಾದ ಮೇಲೆ ಇಂಥ ಓಡಾಟ ಸಾಧ್ಯವೂ ಆಗಿದೆ. ಆದರೆ ಸುತ್ತಾಡಲು ಹೋದವರು ಹಾಗೆ ತುದಿಯಿಂದ ತುದಿಗೆ ಓಡುವುದಿಲ್ಲ. ಒಂದು ಕಡೆ ಇಳಿದು ಕಾಲು ನೋಯುವ ತನಕ ನಡೆಯುತ್ತಾರೆ, ತಿನ್ನುತ್ತಾರೆ, ಕೂರುತ್ತಾರೆ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ, ಎಂ.ಜಿ. ರೋಡ್, ಚರ್ಚ್ ಸ್ಟ್ರೀಟ್ ಎಲ್ಲ ನಡೆದೇ ಮುಗಿಯುತ್ತವೆ. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದರೆ ವಿ.ವಿ. ಪುರದ ತಿಂಡಿ ಬೀದಿ, ಗಾಂಧಿ ಬಜಾರು. ನಡೆದಷ್ಟೂ ಪಾಸಿನ ಬೆಲೆ ಇಳಿಯುತ್ತಾ ಹೋಗುತ್ತದೆ.

ಸ್ಮಾರ್ಟ್ ಕಾರ್ಡ್ ಒಳ್ಳೆಯದಲ್ಲವಾ ಅಂತ ಕೇಳುವವರಿದ್ದಾರೆ. ಬೆಂಗಳೂರಲ್ಲಿ ಇರುವವರಿಗೆ ಹೌದು. ಯಾವಾಗಲೂ ಶೇ 5 ರಿಯಾಯಿತಿ, ದಟ್ಟಣೆ ಇಲ್ಲದ ಹೊತ್ತಲ್ಲಿ ಇನ್ನೊಂದು ಶೇ 5, ಭಾನುವಾರವಂತೂ ಇಡೀ ದಿನ ಶೇ 10. ಆದರೆ ಒಳಗೆ ಬಿಡಬೇಕಾದರೆ ಕಾರ್ಡ್‌ನಲ್ಲಿ ಕನಿಷ್ಠ 90 ರೂಪಾಯಿ ಇರಬೇಕು. ವರ್ಷಕ್ಕೆ ಎರಡು ಸಲ ಹೋಗುವ ನನ್ನಂಥವನ 90 ರೂಪಾಯಿ ಆ ಕಾರ್ಡ್‌ನಲ್ಲೇ ಮಲಗಿರುತ್ತದೆ. 170 ರೂಪಾಯಿ ಓಡಾಟಕ್ಕೆ ಶೇ 10 ಅಂದರೆ ಉಳಿಯೋದು 17. ದಾವಣಗೆರೆಯಲ್ಲಿ ಒಂದು ಮಿರ್ಚಿ–ಮಂಡಕ್ಕಿ ಕೂಡ ಅದಕ್ಕೆ ಬರುತ್ತದೋ ಇಲ್ಲವೋ. ಅಪರೂಪಕ್ಕೆ ಹೋಗುವವರು ವಾಟ್ಸ್‌ಆ್ಯಪ್‌ನಲ್ಲೇ ಕ್ಯುಆರ್ ಟಿಕೆಟ್ ತೆಗೆದರೆ ಸಾಕು, ಎಲ್ಲರಿಗೂ ಸೇರಿ ಒಂದೇ ಕ್ಯುಆರ್ ಕೂಡ ಬರುತ್ತದೆ.

ಭಾನುವಾರದ ಕಥೆ ಬೇರೆ. ವಾಹನ ಬಿಡದ ದಿನ ಕಬ್ಬನ್ ಪಾರ್ಕ್ ನೋಡಬೇಕು ಅಂತ ಬೆಳಿಗ್ಗೆ ಆರಕ್ಕೇ ಎದ್ದು ನಿಲ್ದಾಣಕ್ಕೆ ಹೋದರೆ ಗೇಟ್ ಮುಚ್ಚಿದೆ. ಭಾನುವಾರ ಮೆಟ್ರೊ ಶುರುವಾಗೋದೇ ಏಳಕ್ಕೆ. ಬೆಂಗಳೂರಿನ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ, ನಮಗೆ ಗೊತ್ತಿರಲಿಲ್ಲ. ಒಂದು ಗಂಟೆ ಕಾಯೋ ಬದಲು ಆಟೊ ಹತ್ತಿ 280 ರೂಪಾಯಿ ಕೊಟ್ಟೆವು. ಬಿಎಂಟಿಸಿ ಬಸ್ಸು ಪಕ್ಕದಲ್ಲೇ ಹೋಗುತ್ತಿತ್ತು, ನೋಡಿದೆವು, ಹತ್ತಲಿಲ್ಲ. ಯಾವ ನಂಬರು ಎಲ್ಲಿಗೆ ಹೋಗುತ್ತದೆ ಅಂತ ಕಂಡಕ್ಟರ್‌ನ ಕೇಳೋದಕ್ಕೆ ಸಂಕೋಚ. ಊರಲ್ಲಿ ಬಸ್ಸಿಗೆ ನೇತಾಡಿಕೊಂಡು ಬರುವವರು ಬೆಂಗಳೂರಿಗೆ ಹೋದ ತಕ್ಷಣ ಬಸ್ಸು ಹತ್ತೋದೇ ಅವಮಾನ ಅನ್ನುವಂತೆ ಆಡುತ್ತೇವೆ, ಯಾಕೋ.

ಬಿಎಂಟಿಸಿ ಸಾಮಾನ್ಯ ಬಸ್ಸಿನ ದಿನದ ಪಾಸು 80 ರೂಪಾಯಿ. 2025ರ ಜನವರಿಯ ದರ ಏರಿಕೆಗೆ ಮೊದಲು 70 ಇತ್ತು. ಎಸಿ ವಜ್ರಕ್ಕೆ 140. ಇಪ್ಪತ್ತು–ಇಪ್ಪತ್ತೈದು ರೂಪಾಯಿಯ ಟಿಕೆಟ್ ನಾಲ್ಕು ಸಲ ತೆಗೆದರೆ 80 ಮುಟ್ಟಿತು ಅಥವಾ ದಾಟಿತು. ಇಲ್ಲಿ ಪಾಸು ನಿಜಕ್ಕೂ ಗಿಟ್ಟುತ್ತದೆ, ಏಕೆಂದರೆ ಬಸ್ಸಿನಲ್ಲಿ ಓಡಾಡುವವರು ದಿನಕ್ಕೆ ನಾಲ್ಕೈದು ಸಲ ಹತ್ತಿ ಇಳಿದೇ ಇಳಿಯುತ್ತಾರೆ. ಪಾಸು ಕೈಲಿದ್ದರೆ ಇನ್ನೊಂದು ಉಪಕಾರವೂ ಇದೆ. ತಪ್ಪು ಬಸ್ಸು ಹತ್ತಿದರೂ ದುಡ್ಡು ಹೋಗುವುದಿಲ್ಲ, ಮುಂದಿನ ಸ್ಟಾಪ್‌ನಲ್ಲಿ ಇಳಿದು ಇನ್ನೊಂದು ಹತ್ತಬಹುದು. ಹೊಸಬರಿಗೆ ಇದಕ್ಕಿಂತ ದೊಡ್ಡ ಧೈರ್ಯ ಇಲ್ಲ.

ಹುಡುಗಿಯರಿಗೆ ಈ ಪಾಸೂ ಬೇಡ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ನಾಲ್ಕೂ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್. ರಾಜಹಂಸ, ಐರಾವತ, ವಜ್ರ ಇದರಲ್ಲಿ ಸೇರುವುದಿಲ್ಲ, ಹೊರ ರಾಜ್ಯಕ್ಕೆ ಹೋಗುವಾಗಲೂ ಇಲ್ಲ. ಇದೆಲ್ಲ ಎಲ್ಲರಿಗೂ ಗೊತ್ತು. ನನಗೆ ಗೊತ್ತಿಲ್ಲದ್ದು, ಅಂದರೆ ತಲೆಗೆ ಹೊಳೆಯದೆ ಇದ್ದಿದ್ದು ಏನೆಂದರೆ, ನಾನು ‘ಎಲ್ಲರಿಗೂ ಒಂದೇ ಥರ ಇರಲಿ’ ಅಂತ ಸ್ಲೀಪರ್ ಬಸ್ಸು ಮತ್ತು ಮೆಟ್ರೊ ಪಾಸು ಮಾಡಿದಾಗ, ದಾವಣಗೆರೆಯಿಂದ ಬೆಂಗಳೂರಿಗೆ ಬಿಟ್ಟಿ ಬರಬಹುದಾಗಿದ್ದ ಇಬ್ಬರ ಕೈಯಿಂದ ತಲಾ 2,400 ಕೀಳಿಸಿದ್ದೆ. ‘ನೀವ್ಯಾಕೆ ಹೇಳಲಿಲ್ಲ?’ ಅಂತ ಆಮೇಲೆ ಕೇಳಿದರೆ ಒಬ್ಬಳು ಹೇಳಿದಳು: ‘ನೀನು ಕೇಳಿದ್ದೆಲ್ಲಿ? ಯುಪಿಐ ಮಾಡಿ ಅಂದೆ, ಮಾಡಿದ್ವಿ’.

ನಮ್ಮ ಕ್ಲಾಸಲ್ಲಿ ಆಂಧ್ರದ ಹುಡುಗಿಯೊಬ್ಬಳಿದ್ದಾಳೆ. ಅವಳ ಆಧಾರ್ ವಿಳಾಸ ಅಲ್ಲಿಯದು, ಹಾಗಾಗಿ ಅವಳಿಗೆ ಶೂನ್ಯ ಟಿಕೆಟ್ ಇಲ್ಲ. ಒಂದೇ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಹೀಗಿರುವಾಗ ‘ತಲಾ ಇಷ್ಟು’ ಅನ್ನೋದು ಕೇಳಲು ಸಮಾನತೆ ಥರ ಇದ್ದರೂ ನಿಜವಾಗಿ ಅದು ಸೋಮಾರಿತನ. ನನ್ನದೇ ಸೋಮಾರಿತನದ ಬಗ್ಗೆ ಹೇಳುತ್ತಿದ್ದೇನೆ.

ಈಗ ಊರಿಂದ ಊರಿಗೆ ಹೋಗುವ ಟಿಕೆಟ್. ಟ್ರಿಪ್ಪಿನ ಖರ್ಚು ಜೀವ ತಿನ್ನುವುದು ಇಲ್ಲೇ. ಖಾಸಗಿ ಬಸ್ಸಿನ ದರ ಭಾನುವಾರ ಸಂಜೆ ಏರುತ್ತದೆ, ಹಬ್ಬ ಬಂದರೆ ಹೇಳುವ ಹಾಗೇ ಇಲ್ಲ. ಅದೇ ಸೀಟು, ಅದೇ ದಾರಿ, 900 ಇದ್ದದ್ದು 1,200. ಬೇಡಿಕೆ ಹೆಚ್ಚಾದರೆ ಬೆಲೆ ಹೆಚ್ಚು ಅನ್ನೋ ಅರ್ಥಶಾಸ್ತ್ರ ನನಗೂ ಗೊತ್ತು. ಆದರೆ ಆ ಬೇಡಿಕೆ ಅಂದರೆ ಸೋಮವಾರ ಬೆಳಿಗ್ಗೆ ಕ್ಲಾಸಿಗೆ, ಕೆಲಸಕ್ಕೆ ಮುಟ್ಟಲೇಬೇಕಾದ ನಾವೇ.

ಕೆಎಸ್‌ಆರ್‌ಟಿಸಿಯಲ್ಲಿ ಎರಡು ರಿಯಾಯಿತಿ ಇವೆ, ಹಬ್ಬದ ವಿಶೇಷ ಬಸ್ಸಿನ ಪ್ರಕಟಣೆ ಬಂದಾಗಲೆಲ್ಲ ಪತ್ರಿಕೆಯಲ್ಲಿ ಬರುತ್ತವೆ, ಆದರೂ ನಮ್ಮ ವಯಸ್ಸಿನವರು ಓದುವುದಿಲ್ಲ. ನಾಲ್ಕು ಅಥವಾ ಹೆಚ್ಚು ಜನರಿಗೆ ಒಂದೇ ಟಿಕೆಟ್‌ನಲ್ಲಿ ಸೀಟು ಕಾಯ್ದಿರಿಸಿದರೆ ಶೇ 5. ಹೋಗುವ ಮತ್ತು ಬರುವ ಟಿಕೆಟ್ ಒಟ್ಟಿಗೇ ಮಾಡಿದರೆ ಬರುವ ಟಿಕೆಟ್ ಮೇಲೆ ಶೇ 10. ಅಂದರೆ ಬಸ್ಸಲ್ಲೇ ಹೋಗೋದು ಅಂತಾದರೆ ಮೊದಲು ಎಲ್ಲರನ್ನೂ ಸೇರಿಸಿ, ಆಮೇಲೆ ಒಟ್ಟಿಗೆ ಬುಕ್ ಮಾಡಿ. ಒಬ್ಬೊಬ್ಬರೇ ತಮ್ಮ ತಮ್ಮ ಮೊಬೈಲ್‌ನಲ್ಲಿ ಮಾಡಿಕೊಂಡರೆ ಎರಡೂ ತಪ್ಪುತ್ತವೆ.

ರೈಲು ಎಲ್ಲಕ್ಕಿಂತ ಅಗ್ಗ. ದಾವಣಗೆರೆಯಿಂದ ಬೆಂಗಳೂರಿಗೆ ಎಕ್ಸ್‌ಪ್ರೆಸ್ ರೈಲಿನ ಜನರಲ್ ಬೋಗಿಯ ಟಿಕೆಟ್ ಸಾಮಾನ್ಯ ಬಸ್ಸಿನ ದರದ ಅರ್ಧಕ್ಕಿಂತಲೂ ಕಡಿಮೆ. ಆದರೆ ರೈಲಿನ ಟಿಕೆಟ್ಟಿಗೆ ಒಂದಷ್ಟು ತಿಳಿವಳಿಕೆ ಬೇಕು, ಇಲ್ಲಾಂದ್ರೆ ಅಗ್ಗದ್ದೇ ದುಬಾರಿಯಾಗುತ್ತದೆ. ಕಾಯ್ದಿರಿಸುವ ಅವಧಿ ಮೊದಲು 120 ದಿನ ಇತ್ತು. 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಎರಡು ತಿಂಗಳು ಮೊದಲೇ ಪ್ಲಾನ್ ಮಾಡುವ ವಿದ್ಯಾರ್ಥಿಯನ್ನು ನಾನಂತೂ ನೋಡಿಲ್ಲ, ನಮ್ಮ ಟೈಮ್‌ಟೇಬಲ್ಲೇ ಹಿಂದಿನ ವಾರ ಬರುತ್ತದೆ. ತತ್ಕಾಲ್ ನಂಬಿ ಕೂರುವ ಹಾಗಿಲ್ಲ. ಜನಶತಾಬ್ದಿಗೆ ಜನರಲ್ ಟಿಕೆಟ್ ನಡೆಯುವುದಿಲ್ಲ, ಪೂರ್ತಿ ಕಾಯ್ದಿರಿಸಿದ ಗಾಡಿ. ವಂದೇ ಭಾರತ್ ನಮ್ಮೂರಲ್ಲಿ ನಿಲ್ಲುತ್ತದೆ, ನಿಂತು ಹೋಗುತ್ತದೆ, ನಾವು ಪ್ಲಾಟ್‌ಫಾರ್ಮ್‌ನಿಂದ ನೋಡುತ್ತೇವೆ.

ಸೆಕೆಂಡ್ ಸಿಟ್ಟಿಂಗ್ ಕಾಯ್ದಿರಿಸಿ ಆಮೇಲೆ ‘ಪ್ಲಾನ್ ಕ್ಯಾನ್ಸಲ್’ ಅಂದರೆ ಎಷ್ಟೇ ಮುಂಚೆ ರದ್ದು ಮಾಡಿದರೂ ತಲಾ 60 ರೂಪಾಯಿ ಕಟ್. ನೂರಮೂವತ್ತರ ಆಸುಪಾಸಿನ ಟಿಕೆಟ್‌ಗೆ 60 ಅಂದರೆ ಹೆಚ್ಚುಕಡಿಮೆ ಅರ್ಧ ಹೋಯಿತು. ಹಾಗಾಗಿ ಬರುವುದು ಖಚಿತವಿಲ್ಲದವರ ಹೆಸರಲ್ಲಿ ಮೊದಲೇ ಕಾಯ್ದಿರಿಸಿ ಅವರನ್ನು ಕಟ್ಟಿಹಾಕಬೇಡಿ. ಜನರಲ್ ಟಿಕೆಟ್ಟಿನಲ್ಲಿ 200 ಕಿ.ಮೀ. ಅಥವಾ ಅದಕ್ಕೂ ದೂರದ ಊರಿಗಾದರೆ ಮೂರು ದಿನ ಮೊದಲೇ ತೆಗೆದಿಡಬಹುದು. ಅದಕ್ಕಿಂತ ಹತ್ತಿರದ ಊರಿಗಾದರೆ ಅಂದಿನ ಟಿಕೆಟ್ ಅಂದೇ, ಅದೂ ತೆಗೆದ ಮೂರು ಗಂಟೆಯೊಳಗೆ ಅಥವಾ ಆಮೇಲೆ ಹೊರಡುವ ಮೊದಲ ರೈಲಿನಲ್ಲಿ ಪಯಣ ಶುರು ಮಾಡಬೇಕು. ಬೆಂಗಳೂರಿನಲ್ಲಿ ಓದುವವರು ಮೈಸೂರಿಗೆ ಹೋಗುವಾಗ ಈ ಎರಡನೇ ನಿಯಮ ಅನ್ವಯ. ಬೆಳಿಗ್ಗೆಯೇ ಟಿಕೆಟ್ ತೆಗೆದು ಸಂಜೆ ಹತ್ತಿದರೆ ದಂಡ ಕಟ್ಟಬೇಕಾದೀತು.

ಇನ್ನೊಂದು ಎಡವಟ್ಟು ಬಹಳ ಜನ ಮಾಡುತ್ತಾರೆ. ನಮ್ಮೂರಿಗೆ ಕೆಲವು ರೈಲು ಬರುವುದು ನಡುರಾತ್ರಿ ದಾಟಿದ ಮೇಲೆ. ‘ಶುಕ್ರವಾರ ರಾತ್ರಿ ಹೋಗೋಣ’ ಅಂತ ಮಾತಾಡಿಕೊಂಡು ಶುಕ್ರವಾರದ ತಾರೀಖು ಹಾಕಿ ಟಿಕೆಟ್ ಮಾಡುತ್ತಾರೆ. ಗಡಿಯಾರ ಹನ್ನೆರಡು ದಾಟಿದರೆ ಅದು ಶನಿವಾರ. ಶುಕ್ರವಾರದ ಟಿಕೆಟ್ಟಿನ ರೈಲು ಅಷ್ಟರಲ್ಲಿ ಹಿಂದಿನ ರಾತ್ರಿಯೇ ಹೋಗಿಯಾಗಿರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿ ಈ ಫೆಬ್ರುವರಿಯಲ್ಲಿ ಮತ್ತೊಂದು ಸಲ ಹೋದೆವು, ಈ ಸಲ ಐದೂ ಜನ. ಈ ಬಾರಿ ಗ್ರೂಪ್‌ನಲ್ಲಿ ಹಣದ ಮೆಸೇಜ್ ಹಾಕಲಿಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆ ಸಿಕ್ಕಿದಾಗ ಕೇಳಿದೆ, ‘ಎರಡು ದಿನಕ್ಕೆ ಎಷ್ಟರೊಳಗೆ ಆದ್ರೆ ಬರ್ತೀಯ?’ ಅಂತ. ಒಬ್ಬಳು ಸಾವಿರ ಅಂದಳು, ರೂಮ್‌ಮೇಟ್ ‘ಎಷ್ಟಾದ್ರೂ ಸೈ’ ಅಂದ, ಅವನ ಅಪ್ಪ ಅಡಿಕೆ ಬೆಳೆಗಾರರು. ಹೋದ ಸಲ ಬಾರದವನು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಐನೂರು’ ಅಂದ. ಅಷ್ಟಕ್ಕೇ ಗೆರೆ ಎಳೆದೆವು.

ನಾವು ಮೂವರು ಹುಡುಗರು ಜನರಲ್ ಬೋಗಿ. ಹುಡುಗಿಯರಿಬ್ಬರು ರಾತ್ರಿ ಜನರಲ್ ಬೋಗಿ ಬೇಡ ಅಂತ ಕೆಎಸ್‌ಆರ್‌ಟಿಸಿ ವೇಗದೂತದಲ್ಲಿ ಶೂನ್ಯ ಟಿಕೆಟ್ ಹಿಡಿದು ಬಂದರು. ಒಟ್ಟಿಗೆ ಹೋಗದಿದ್ದರೆ ಅದೆಂಥ ಟ್ರಿಪ್ಪು ಅಂತ ಮೊದಲು ನನಗೂ ಅನ್ನಿಸಿತ್ತು. ಬೆಳಿಗ್ಗೆ ಯಶವಂತಪುರದಲ್ಲಿ ಟೀ ಕುಡಿಯುತ್ತಾ ನಿಂತಾಗ ಯಾರಿಗೂ ಅದು ನೆನಪೇ ಇರಲಿಲ್ಲ. ಶಕ್ತಿ ಯೋಜನೆಯ ಮಾತು ಬಂದಾಗ ಅವರಲ್ಲೊಬ್ಬಳು ಅಂದ ಮಾತು ಮಾತ್ರ ನೆನಪಿದೆ: ‘ಮನೇಲಿ ಕೇಳೋ ದುಡ್ಡು ಕಮ್ಮಿ ಆಯ್ತು. ಮನೇಲಿ ಕೇಳೋ ಪ್ರಶ್ನೆ ಕಮ್ಮಿ ಆಗಿಲ್ಲ’.

ಎರಡೂ ದಿನ ಹುಡುಗರಿಗೆ 80ರ ಬಸ್ ಪಾಸು, ಹುಡುಗಿಯರಿಗೆ ಶೂನ್ಯ ಟಿಕೆಟ್. ಮಲ್ಲೇಶ್ವರ, ಮೆಜೆಸ್ಟಿಕ್, ಬಸವನಗುಡಿ, ಜಯನಗರ. ಶನಿವಾರ ಒಂದೇ ದಿನ ಆರು ಬಸ್ಸು ಹತ್ತಿದೆವು. ಸುಳ್ಳು ಹೇಳುವುದಿಲ್ಲ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಒಂದು ಗಂಟೆ ಹಾಳಾಯಿತು, ಮ್ಯೂಸಿಯಂ ಅವತ್ತು ತಪ್ಪಿತು. ರೂಮ್‌ಮೇಟ್ ಬೈದ. ಅವನು ಹೇಳಿದ್ದರಲ್ಲೂ ನ್ಯಾಯವಿದೆ. ಸಮಯಕ್ಕೂ ಬೆಲೆ ಇದೆ, ಎರಡೇ ದಿನ ಇರುವಾಗ ಇನ್ನೂ ಹೆಚ್ಚು. ಅದಕ್ಕೇ ಭಾನುವಾರ ಮಧ್ಯಾಹ್ನ ಜಯನಗರದಿಂದ ಕಬ್ಬನ್ ಪಾರ್ಕ್‌ಗೆ ಎಲ್ಲರೂ ಮೆಟ್ರೊ ಹತ್ತಿದೆವು, ಒಂದು ಸಲದ ಟಿಕೆಟ್ ತೆಗೆದು. ದೂರಕ್ಕೆ, ತುರ್ತಿಗೆ ಮೆಟ್ರೊ. ಉಳಿದದ್ದಕ್ಕೆ ಬಸ್ಸು. ರಾತ್ರಿ ವಾಪಸ್ ಬರುವಾಗ ಅರಸೀಕೆರೆವರೆಗೆ ನಿಂತೇ ಬಂದೆವು. ಓಡಾಟಕ್ಕೆ ನನಗೆ ಆದದ್ದು 460 ರೂಪಾಯಿ, ಹುಡುಗಿಯರಿಗೆ ನೂರರೊಳಗೆ.

ನಿಂತು ಬರಲು ಆಗದವರು, ಆರೋಗ್ಯ ಸರಿಯಿಲ್ಲದವರು, ಸೋಮವಾರ ಬೆಳಿಗ್ಗೆ ಪರೀಕ್ಷೆ ಇರುವವರು ಹೀಗೆ ಮಾಡಬೇಕು ಅಂತ ನಾನು ಹೇಳುವುದಿಲ್ಲ. ನನ್ನ ವಾದ ಇಷ್ಟೇ. ಗುಂಪಿನಲ್ಲಿ ಕಡಿಮೆ ದುಡ್ಡಿರುವವರಿಂದ ಲೆಕ್ಕ ಶುರುವಾಗಲಿ. ಹೆಚ್ಚು ಕೊಡಬಲ್ಲವರು ಬೇಕಾದರೆ ಆಮೇಲೆ ಮೇಲೇರಲಿ, ಸೀಟು ಕಾಯ್ದಿರಿಸಿಕೊಳ್ಳಲಿ. ಮೇಲಿನಿಂದ ಶುರು ಮಾಡಿದರೆ ಕೆಳಗಿರುವವರು ಬಾಯಿಬಿಟ್ಟು ‘ಆಗಲ್ಲ’ ಅನ್ನಬೇಕಾಗುತ್ತದೆ, ಇಪ್ಪತ್ತರ ವಯಸ್ಸಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಅಮ್ಮಂಗೆ ಜ್ವರ ಬರಿಸುತ್ತಾರೆ.

ಎಲ್ಲವನ್ನೂ ನಮ್ಮ ಮೇಲೇ ಹಾಕಿಕೊಳ್ಳುವುದೂ ಸರಿಯಲ್ಲ. ಒಂದು ಊರಲ್ಲಿ ಎರಡು ದಿನ ಓಡಾಡಲು ನಾನು ಇಷ್ಟೊಂದು ಲೆಕ್ಕ ಹಾಕಬೇಕಾಗಿ ಬಂದದ್ದೇ ಆ ಊರಿನ ವ್ಯವಸ್ಥೆಯ ಬಗ್ಗೆ ಏನೋ ಹೇಳುತ್ತದೆ. ಬಸ್ ಪಾಸು ಮೆಟ್ರೊದಲ್ಲಿ ನಡೆಯುವುದಿಲ್ಲ, ಮೆಟ್ರೊ ಪಾಸು ಬಸ್ಸಿನಲ್ಲಿ ನಡೆಯುವುದಿಲ್ಲ. ಎರಡೂ ತೆಗೆದುಕೊಂಡರೆ ದಿನಕ್ಕೆ 330. ವಿದ್ಯಾರ್ಥಿ ಬಸ್ ಪಾಸು ಇರುವುದು ಮನೆಯಿಂದ ಕಾಲೇಜಿನ ದಾರಿಗೆ, ನಮ್ಮ ಮೆಟ್ರೊದಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿಯೇ ಇಲ್ಲ. ಪುಣೆಯ ಮೆಟ್ರೊದಲ್ಲಿ ಪದವಿವರೆಗಿನ ವಿದ್ಯಾರ್ಥಿಗಳಿಗೆ ಶೇ 30 ರಿಯಾಯಿತಿ ಕೊಟ್ಟರು, ಶನಿವಾರ–ಭಾನುವಾರ ಎಲ್ಲರಿಗೂ ಶೇ 30. ಅಂದರೆ ವಾರಾಂತ್ಯದಲ್ಲಿ ಖಾಲಿ ಓಡುವ ಬೋಗಿಗಳನ್ನು ತುಂಬಿಸಲು ಒಂದು ದಾರಿ ಇದೆ ಅಂತಾಯಿತು. ಚೆನ್ನೈನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ‘ಚೆನ್ನೈ ಒನ್’ ಆ್ಯಪ್ ಬಂತು, ನಗರದ ಬಸ್ಸು, ಮೆಟ್ರೊ, ಲೋಕಲ್ ರೈಲು ಮೂರಕ್ಕೂ ಒಂದೇ ಕ್ಯುಆರ್.

ಲಂಡನ್‌ನಲ್ಲಿ ಪಾಸು ತೆಗೆಯಬೇಕಾ ಬೇಡವಾ ಅಂತ ಯಾರೂ ಮೊದಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾರ್ಡ್ ತಾಗಿಸುತ್ತಾ ಓಡಾಡಿದರೆ ಆಯಿತು, ಒಂದು ದಿನದ ಮಿತಿ ಮುಟ್ಟಿದ ಮೇಲೆ ದುಡ್ಡು ಕಟ್ ಆಗುವುದು ತಾನಾಗಿ ನಿಲ್ಲುತ್ತದೆ. ಕಡಿಮೆ ಓಡಾಡಿದರೆ ಕಡಿಮೆ, ಹೆಚ್ಚು ಓಡಾಡಿದರೆ ಪಾಸಿನಷ್ಟೇ. ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು, ಇದು ಫಸ್ಟ್ ಸೆಮಿಸ್ಟರ್‌ನ ಸಿ ಪ್ರೋಗ್ರಾಮ್‌ನಲ್ಲಿ ಬರೆಯುವ ಒಂದು ‘ಇಫ್’ ಕಂಡೀಷನ್ ಅಷ್ಟೇ ಅಂತ. ನಿಜವಾದ ಕಷ್ಟ ಕೋಡ್‌ನಲ್ಲಿಲ್ಲ, ಎರಡು ಸಂಸ್ಥೆಗಳು ಬಂದ ಹಣವನ್ನು ಹಂಚಿಕೊಳ್ಳುವುದರಲ್ಲಿದೆ ಅಂತ ನಮ್ಮ ಮೇಷ್ಟ್ರು ಹೇಳಿದರು. ಇರಬಹುದು. ಬೆಂಗಳೂರಿನ ಬಸ್ಸು, ಮೆಟ್ರೊ, ರಸ್ತೆ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳಲೆಂದೇ ಭೂಸಾರಿಗೆ ಪ್ರಾಧಿಕಾರದ ಮಸೂದೆಗೆ 2022ರಲ್ಲೇ ವಿಧಾನಮಂಡಲದ ಒಪ್ಪಿಗೆ ಸಿಕ್ಕಿದೆ. ಒಂದೇ ಟಿಕೆಟ್ ತರುವ ಕೆಲಸ ಅದಕ್ಕಿಂತ ಬೇರೆ ಯಾರದ್ದು?

ನಾನು ಕೇಳುವುದು ದೊಡ್ಡದೇನಲ್ಲ. ಕಾಲೇಜಿನ ಐಡಿ ತೋರಿಸಿದರೆ ಶನಿವಾರ–ಭಾನುವಾರಕ್ಕೆ ಬಸ್ಸು, ಮೆಟ್ರೊ ಎರಡಕ್ಕೂ ಆಗುವ ಒಂದು ಟಿಕೆಟ್, 200 ರೂಪಾಯಿಯೊಳಗೆ. ಕೆಲಸ ಹುಡುಕಲು ಬರುವವರಿಗೂ ಅದು ಸಿಗಬೇಕು. ರಾಯಚೂರಿಂದಲೋ ಬೀದರ್‌ನಿಂದಲೋ ರಾತ್ರಿ ಬಸ್ಸಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ವಾಕ್–ಇನ್‌ಗೆ ಓಡುವವರ ಓಡಾಟ ನಮ್ಮ ಟ್ರಿಪ್ಪಿಗಿಂತ ದೊಡ್ಡದು. ಸೋಮವಾರ ಊರಿಂದ ವಾಪಸ್ ಬರುವವರಿಗೆ ಅಂತಲೇ ಮೆಟ್ರೊ ಬೆಳಿಗ್ಗೆ 4.15ಕ್ಕೆ ಶುರು ಮಾಡುತ್ತಿದ್ದಾರೆ. ಹೊರಗಿನಿಂದ ಬರುವವರ ಬಗ್ಗೆ ಅಷ್ಟು ಯೋಚಿಸಿದವರಿಗೆ ಇದನ್ನೂ ಯೋಚಿಸುವುದು ಕಷ್ಟವಲ್ಲ.

ಅದು ಬರುವವರೆಗೆ ನಮ್ಮ ಲೆಕ್ಕ ನಾವೇ ಹಾಕಬೇಕು. ಸೆಮಿಸ್ಟರ್ ಮುಗಿದ ಮೇಲೆ ಮೈಸೂರಿಗೆ ಹೋಗೋದು ಅಂತ ಮಾತಾಗಿದೆ. ಟಿಕೆಟ್ ಜವಾಬ್ದಾರಿ ಈ ಸಲ ನನ್ನದಲ್ಲ, ಐನೂರು ಅಂದವನದು. ನಿನ್ನೆ ಗ್ರೂಪ್‌ನಲ್ಲಿ ಅವನ ಮೆಸೇಜ್ ಬಂತು: ‘ಯಾರ್ಯಾರಿಗೆ ಎಷ್ಟು ಆಗುತ್ತೆ, ನಂಗೆ ಪರ್ಸನಲ್ ಆಗಿ ಹೇಳ್ರಪ. ಗ್ರೂಪ್‌ನಾಗೆ ಬೇಡ’.